ಚಂದ್ರಿಕೆಯ ಹಿಂದೆ ಇದ್ದದ್ದು

ಹುಳು ಹಣ್ಣಾಗುವ ದಿನ ನಮ್ಮ ಮನೆಯಲ್ಲಿ ಯಾರೂ ಕೂರುವುದಿಲ್ಲ. ರೇಷ್ಮೆ ಹುಳು ಸೊಪ್ಪು ಮೇಯುವುದನ್ನು ನಿಲ್ಲಿಸಿ, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದರೆ ಹಣ್ಣಾಯಿತು ಎಂದು ಲೆಕ್ಕ. ಆಮೇಲೆ ಅದು ಯಾರಿಗೂ ಕಾಯುವುದಿಲ್ಲ. ಆರಿಸಿ ಚಂದ್ರಿಕೆಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ಬಿಡದಿದ್ದರೆ ಇದ್ದಲ್ಲೇ, ಸೊಪ್ಪಿನ ಕಡ್ಡಿಗೂ ಹಿಕ್ಕೆಗೂ ಸೇರಿಸಿ ನೂಲು ಸುತ್ತಿಕೊಳ್ಳುತ್ತದೆ. ಅಂಥ ಗೂಡನ್ನು ರಾಮನಗರದ ಮಾರುಕಟ್ಟೆಯಲ್ಲಿ ಕೊಳ್ಳುವವರು ಬೆರಳ ತುದಿಯಲ್ಲಿ ಎತ್ತಿ ನೋಡಿ, ಮತ್ತೆ ಅಲ್ಲೇ ಹಾಕಿ, ಮುಂದಿನ ರಾಶಿಗೆ ಹೋಗುತ್ತಾರೆ.

ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ಚಾಪೆ. ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದಿರುತ್ತಾರೆ. ಆ ಸುರುಳಿಯ ಸಂದುಗಳಲ್ಲಿ ಹುಳು ಕೂತು ಗೂಡು ಕಟ್ಟಬೇಕು. ಈಗ ಪ್ಲಾಸ್ಟಿಕ್ಕಿನವು ಬಂದಿವೆ. ನಮ್ಮಕ್ಕನಿಗೆ ಅವು ಹಿಡಿಸಲಿಲ್ಲ.

ಹುಳುಗಳು ಅಕ್ಕನವು. ಗಂಡ ತೀರಿಕೊಂಡ ಮೇಲೆ ಅಕ್ಕ ಈ ಮನೆಗೇ ಬಂದಳು. ಹಿತ್ತಲ ಆಚೆಯ ಹಿಪ್ಪುನೇರಳೆ ತೋಟ ಅವಳ ಪಾಲಿಗೆ ಬಂತು. ನನ್ನದು ಕುದೂರಿನಲ್ಲಿ ದಿನಸಿ ಅಂಗಡಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತೇನೆ, ಸಂಜೆ ಬರುತ್ತೇನೆ. ನಡುಮನೆಯಲ್ಲಿ ಹುಳು ಸಾಕುವ ಬಿದಿರಿನ ಅಗಲ ತಟ್ಟೆಗಳು ಸ್ಟ್ಯಾಂಡಿನ ಮೇಲೆ ಇರುವಷ್ಟು ದಿನ ನಾನು, ನನ್ನ ಹೆಂಡತಿ, ಮಕ್ಕಳು ಜಗಲಿಯಲ್ಲಿ ಮಲಗುತ್ತೇವೆ. ಅದು ನಮಗೆ ಹೊಸದಲ್ಲ. ಹುಟ್ಟಿದಾಗಿನಿಂದ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳಿಕೊಂಡೇ ನಿದ್ದೆ ಮಾಡಿದವನು ನಾನು. ಅಂಗೈ ತುಂಬ ಹುಳು ಹರಿದಾಡಿದರೂ ನನಗೆ ಏನೂ ಅನಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಮುಂದಿನದು ಅರ್ಥವಾಗಬೇಕಾದರೆ.

ನಾನು ಹೇಳುತ್ತಿರುವುದು ಕಳೆದ ಬೇಸಿಗೆಯ ಬೆಳೆಯ ಮಾತು. ಅದಕ್ಕೂ ಹಿಂದಿನ ಎರಡು ಬೆಳೆಗಳು ಸುಣ್ಣಕಟ್ಟು ರೋಗಕ್ಕೆ ಹೋಗಿದ್ದವು. ಹುಳುಗಳು ಬಳಪದ ತುಂಡುಗಳ ಹಾಗೆ ಬೆಳ್ಳಗೆ ಸೆಟೆದುಕೊಂಡಿದ್ದವು. ಅಕ್ಕ ಅವನ್ನು ಮಂಕರಿಗೆ ತುಂಬಿ ದೂರ ಹೊತ್ತುಕೊಂಡು ಹೋಗಿ ಸುಟ್ಟು ಬಂದಿದ್ದಳು. ಎರಡನೇ ಸಲ ಹಾಗೆ ಸುಟ್ಟು ಬಂದ ಸಂಜೆ, ಹಿಪ್ಪುನೇರಳೆ ಕಿತ್ತು ಬಾಳೆ ಹಾಕೋಣ ಎಂದು ನಾನೇ ಹೇಳಿದ್ದೆ. ಅಕ್ಕ ಕೈ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

"ಇನ್ನೊಂದು ಬೆಳೆ ನೋಡ್ತೀನಿ ಕಣ್ಲಾ. ಅದೂ ಕೈಕೊಟ್ರೆ ನೀನೇ ಕಿತ್ತಾಕು. ನಾನು ಒಂದು ಮಾತಾಡಾಕಿಲ್ಲ" ಎಂದಳು.

ಆ ಬೆಳೆ ರೋಗವಿಲ್ಲದೆ ಕೊನೆಯವರೆಗೆ ಬಂತು. ಹುಳುಗಳು ದಪ್ಪವಾಗಿ, ಮುಟ್ಟಿದರೆ ತಣ್ಣಗೆ ಇದ್ದವು. ಬಿಸಿಲು ಜೋರಾಗಿದ್ದುದರಿಂದ ನಾವು ಎಣಿಸಿದ್ದಕ್ಕಿಂತ ಮುಂಚೆಯೇ, ಎಲ್ಲ ತಟ್ಟೆಗಳಲ್ಲೂ ಒಟ್ಟಿಗೆ ಹಣ್ಣಾಗತೊಡಗಿದವು. ಅಕ್ಕ ಬೆಳಿಗ್ಗೆ ಕೇರಿಯ ಉದ್ದಕ್ಕೂ ಕೂಗಿಕೊಂಡು ಹೋಗಿ ಮುಯ್ಯಾಳುಗಳನ್ನು ಕರೆದಳು. ನಮ್ಮಲ್ಲಿ ಹುಳು ಆರಿಸಲು ಕೂಲಿ ಕೊಟ್ಟು ಕರೆಯುವುದಿಲ್ಲ. ಇಂದು ಅವರು ನಮ್ಮ ಮನೆಗೆ, ನಾಳೆ ನಾವು ಅವರ ಮನೆಗೆ. ನಾನೂ ಅಂಗಡಿ ಬಾಗಿಲು ತೆರೆಯಲು ಹೋಗಲಿಲ್ಲ.

ಬಂದವರು ಹೆಚ್ಚಾಗಿ ಹೆಂಗಸರು. ಅವರಲ್ಲಿ ಒಬ್ಬಳು ನನ್ನ ಸೋದರತ್ತೆಯ ಮಗಳು, ಪಕ್ಕದ ಮನೆಯವಳು, ನನ್ನನ್ನು ಭಾವ ಎನ್ನುವವಳು. ಆಡಿಕೊಳ್ಳುವುದಕ್ಕೆ ಅವಳಿಗೆ ನನ್ನ ಮೇಲೆ ಹಕ್ಕಿದೆ ಎಂದು ಊರೆಲ್ಲ ಒಪ್ಪಿದೆ. ಗಂಡಸರ ಪೈಕಿ ಎದುರು ಮನೆಯ ದೊಡ್ಡಪ್ಪ ಒಬ್ಬ. ಅವನು ಕೆಲಸ ಮಾಡುವುದಕ್ಕಿಂತ ಜಗಲಿಯಲ್ಲಿ ಕೂತು ಮಾತಾಡಲು ಬರುವವನು. ಹೆಂಗಸರು ನಡುಮನೆಯಲ್ಲಿ ತಟ್ಟೆಗಳ ಮುಂದೆ ಕೂತು ಹಣ್ಣು ಹುಳು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ತುಂಬಿದ ಚಂದ್ರಿಕೆಯನ್ನು ಎತ್ತಿ ಹೊರಗೆ ತಂದು, ಜಗಲಿಯಲ್ಲಿ ಬಿಸಿಲು ಬೀಳದ ಕಡೆ ಗಾಳಿಗೆ ಒರಗಿಸುವುದು ನನ್ನ ಕೆಲಸ.

"ಭಾವ ಇವತ್ತು ಬೆವರು ಸುರಿಸ್ತಾವ್ನೆ ಕಣ್ರವ್ವ. ಅಂಗ್ಡೀಲಿ ಸಕ್ಕರೆ ತೂಗಿ ತೂಗಿ ಕೈ ಸೋತೋಗೈತೆ" ಎಂದಳು ಅತ್ತೆಯ ಮಗಳು.

"ತೂಕದಾಗೆ ಒಸಿ ಒಸಿ ಕಮ್ಮಿ ಮಾಡೋ ಕೈ ಅದು, ಸೋಲಾಕಿಲ್ಲ ಬುಡು" ಎಂದಳು ಇನ್ನೊಬ್ಬಳು. ಅಕ್ಕ ಕೂಡ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಕೆಲವು ಚಂದ್ರಿಕೆಗಳನ್ನು ಹಾಗೆ ಹೊರಗಿಟ್ಟಿದ್ದೆ. ಮುಂದಿನದನ್ನು ಎರಡು ಕೈಯಲ್ಲೂ ಅಂಚು ಹಿಡಿದು, ಹುಳುಗಳಿರುವ ಮುಖ ಆಚೆಗೆ ಮಾಡಿ, ಹಿಂಬದಿಯನ್ನು ಎದೆಗೆ ಒತ್ತಿಕೊಂಡು ಹೊಸಿಲು ದಾಟಿದೆ. ಹೊರಗಿನ ಬೆಳಕಿಗೆ ಬಂದಾಗ ನನ್ನ ಬಲಗೈ ಹೆಬ್ಬೆರಳಿನ ಪಕ್ಕದಲ್ಲಿ ಬಿದಿರು ಅಲ್ಲಾಡಿದ ಹಾಗೆ ಕಂಡಿತು. ಬಿದಿರಲ್ಲ. ಬಿದಿರಿನ ಬಣ್ಣದ್ದೇ ಒಂದು ಜೇಡ.

ನಾನು ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ. ನಾನು ಅಂಗೈ ಅಗಲಿಸಿದರೆ ಬೆರಳ ತುದಿಗಳು ಎಷ್ಟು ದೂರ ಹೋಗುತ್ತವೋ ಅದರ ಕಾಲಿನ ತುದಿಗಳು ಅಷ್ಟು ದೂರ ಚಾಚಿದ್ದವು. ಕಾಲುಗಳು ಏಡಿಯ ಕಾಲಿನ ಹಾಗೆ ಪಕ್ಕಕ್ಕೆ ತಿರುಗಿಕೊಂಡಿದ್ದವು, ಸಣ್ಣ ಸಣ್ಣ ಕೂದಲಿದ್ದವು. ಮೈ ಚಪ್ಪಟೆ. ಹೊಟ್ಟೆಯ ಕೆಳಗೆ ಬಿಳಿಯ ಕಾಗದದಂಥ ಗುಂಡನೆಯ ಒಂದು ಬಿಲ್ಲೆಯನ್ನು ಹಿಡಿದುಕೊಂಡಿತ್ತು. ಅದು ಮೊಟ್ಟೆಯ ಚೀಲ ಎಂದು ನನಗೆ ಗೊತ್ತಿತ್ತು. ನಾವು ಚಿಕ್ಕವರಿದ್ದಾಗ ಮೊಣಕಾಲು ತರಚಿಕೊಂಡು ಬಂದರೆ ಅವ್ವ ಗೋಡೆಯ ಮೂಲೆಯಿಂದ ಅಂಥ ಖಾಲಿ ಬಿಲ್ಲೆಯನ್ನೇ ಕಿತ್ತು ಗಾಯಕ್ಕೆ ಅಂಟಿಸುತ್ತಿದ್ದಳು. ಈ ಜಾತಿಯ ಜೇಡ ಬಲೆ ಕಟ್ಟುವುದಿಲ್ಲ, ಗೋಡೆಯ ಮೇಲೆ ಓಡಾಡಿ ಜಿರಲೆ ಹಿಡಿಯುತ್ತದೆ, ಮನುಷ್ಯರ ತಂಟೆಗೆ ಬರುವುದಿಲ್ಲ. ಅದೂ ಗೊತ್ತಿತ್ತು. ಗೊತ್ತಿದ್ದದ್ದು ಯಾವುದೂ ಆಗ ಕೆಲಸಕ್ಕೆ ಬರಲಿಲ್ಲ. ಅದು ಹೆಬ್ಬೆರಳು ದಾಟಿ ಮಣಿಕಟ್ಟಿನ ಮೇಲೆ ಕಾಲಿಟ್ಟಿತು. ಅದರ ಭಾರ ನನಗೆ ತಿಳಿಯಿತು. ಅಷ್ಟು ಸಣ್ಣ ಜೀವಕ್ಕೆ ಭಾರವಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ನಾನು ಚಂದ್ರಿಕೆ ಬಿಟ್ಟುಬಿಟ್ಟೆ.

ಅದು ಹುಳುಗಳಿದ್ದ ಮುಖ ಅಡಿಯಾಗಿ ಅಂಗಳಕ್ಕೆ ಬಿತ್ತು. ಹಿಂದಕ್ಕೆ ಹಾರಿದ ನಾನು ಒರಗಿಸಿಟ್ಟಿದ್ದ ಇನ್ನೊಂದಕ್ಕೆ ಬೆನ್ನು ಕೊಟ್ಟೆ, ಅದೂ ಜಾರಿತು. ಕಾಲಡಿಯಲ್ಲಿ ಏನೋ ಮೆತ್ತಗೆ ಒಡೆದದ್ದು ಗೊತ್ತಾಯಿತು. ಜೇಡ ನನ್ನ ತೋಳಿನಿಂದ ಗೋಡೆಗೆ ಹಾರಿ, ಸರಸರನೆ ಏರಿ, ಬಾಗಿಲಿನ ಮೇಲೆ ಒಣಗಿದ ತೋರಣದ ಪಕ್ಕದಲ್ಲಿ ಅಂಟಿಕೊಂಡು ನಿಂತಿತು.

ಸದ್ದಿಗೆ ಎಲ್ಲರೂ ಬಾಗಿಲಿಗೆ ಬಂದರು. ಮುಂದೆ ಬಂದವಳು ಅತ್ತೆಯ ಮಗಳು. ಬಿದ್ದ ಚಂದ್ರಿಕೆ ನೋಡಿದಳು, ಕೈ ಕೊಡವುತ್ತಿದ್ದ ನನ್ನನ್ನು ನೋಡಿದಳು. ಅವಳ ತುಟಿಯ ಮೂಲೆಯಲ್ಲಿ ನಗು ಹೊರಡುವುದು ನನಗೆ ಕಂಡಿತು.

"ಹಾವು!" ಎಂದೆ.

ಗಾಬರಿಯಲ್ಲಿ ಆ ಮಾತು ತಾನಾಗಿ ಬಾಯಿಗೆ ಬಂತು ಎಂದು ಹೇಳಿಕೊಳ್ಳಬಹುದು. ಆದರೆ ಮೊದಲು ನನಗೆ ಕಂಡದ್ದು ಅವಳ ನಗು, ಆಮೇಲೆ ಬಂದದ್ದು ಆ ಮಾತು. ಹಾವಿಗೆ ಹೆದರಿ ಚಂದ್ರಿಕೆ ಬಿಟ್ಟವನನ್ನು ನೋಡಿ ಯಾರೂ ನಗುವುದಿಲ್ಲ.

ಹೆಂಗಸರು ಚೀರಿಕೊಂಡು ಅಂಗಳಕ್ಕೆ ನುಗ್ಗಿದರು. ಬಿದ್ದ ಹುಳುಗಳ ಮೇಲೆ ಕಾಲಿಟ್ಟವರು ಎಷ್ಟು ಜನವೋ. ಒಳಗೆ ಆರಿಸುತ್ತಿದ್ದ ತಟ್ಟೆಗಳು ಹಾಗೇ ಉಳಿದವು. ಎಲ್ಲರೂ ಸೀರೆ ಎತ್ತಿ ಹಿಡಿದು ನೆಲ ನೋಡುತ್ತಿದ್ದರು. ಯಾರೂ ಮೇಲೆ ನೋಡಲಿಲ್ಲ.

"ಎತ್ತಗೋಯ್ತು?" ದೊಡ್ಡಪ್ಪ ಕೋಲು ಹಿಡಿದು ಬಂದ.

ನಾನು ಒಳಗಡೆ ಕೈ ತೋರಿಸಿದೆ. ಅಂಗಳದ ಕಡೆ ತೋರಿಸಿದ್ದರೆ ಹುಡುಕಿ, ಇಲ್ಲವೆಂದು ಕಂಡು, ಎಲ್ಲರೂ ಒಳಗೆ ಹೋಗುತ್ತಿದ್ದರು. ಆಗ ಅದು ಹೊಳೆಯಲಿಲ್ಲ. ನನ್ನ ಬೆನ್ನ ಹಿಂದೆ ಬಾಗಿಲಿತ್ತು, ಕೈ ಅತ್ತ ಹೋಯಿತು.

"ಎಂಗಿತ್ತು ಭಾವ? ಎಂಥ ಬಣ್ಣ?"

"ಬಿದಿರಿನ ಬಣ್ಣ" ಎಂದೆ.

"ಅಯ್ಯೋ ಶಿವನೇ, ಗೋಧಿ ನಾಗ್ರ!" ಎಂದಳು ಇನ್ನೊಬ್ಬಳು. ಎಲ್ಲರೂ ಗಲ್ಲ ಬಡಿದುಕೊಂಡರು. ದೊಡ್ಡಪ್ಪ ಕೋಲನ್ನು ಗೋಡೆಗೆ ಒರಗಿಸಿಬಿಟ್ಟ. ನಾಗರ ಎಂದ ಮೇಲೆ ನಮ್ಮವರು ಹೊಡೆಯುವುದಿಲ್ಲ. ಇಲಿಯ ಹಿಂದೆ ನಾಗರ ಬರುವುದು ಹುಳುವಿನ ಮನೆಗಳಲ್ಲಿ ಇಲ್ಲದ್ದೇನಲ್ಲ. ಹಿಂದಿನ ವರ್ಷ ಇದೇ ಕೇರಿಯಲ್ಲಿ ಒಂದು ಮನೆಯ ತಟ್ಟೆಗಳ ಅಡಿಯಿಂದ ಹಾವು ಹಿಡಿಯುವವನು ಒಂದನ್ನು ಎತ್ತಿಕೊಂಡು ಹೋಗಿದ್ದ. ನನ್ನ ಮಾತನ್ನು ಯಾರೂ ಅನುಮಾನಿಸಲಿಲ್ಲ.

ಅದೇ ಹಾವು ಹಿಡಿಯುವವನಿಗೆ ಯಾರೋ ಫೋನ್ ಮಾಡಿದರು. ಮಾಗಡಿಯ ಆಚೆ ಎಲ್ಲೋ ಇದ್ದಾನಂತೆ, ಬರುವುದು ಮಧ್ಯಾಹ್ನ ದಾಟುತ್ತದಂತೆ.

"ಒಸಿ ಸೀಮೆಎಣ್ಣೆ ಚಿಮುಕ್ಸಿ, ತಾನೇ ಹೊರಗ್ ಬತ್ತದೆ" ಎಂದಳು ಒಬ್ಬಳು.

"ಹುಳದ್ ಮನೇಲಿ ಸೀಮೆಎಣ್ಣೆ ಹಾಕಿ ಅಂತೀಯಲ್ಲ, ನಿನ್ ತಲೇಲಿ ಏನೈತೆ? ಹಾವೂ ಓಯ್ತದೆ, ಹುಳೂ ಓಯ್ತವೆ" ಎಂದ ದೊಡ್ಡಪ್ಪ.

ಹೊಗೆ ಹಾಕುವಂತಿಲ್ಲ, ಫಿನಾಯಿಲ್ ಹಾಕುವಂತಿಲ್ಲ, ಬೆಳ್ಳುಳ್ಳಿ ಜಜ್ಜಿ ಎಸೆಯುವಂತೆಯೂ ಇಲ್ಲ. ರೇಷ್ಮೆ ಹುಳು ಯಾವ ವಾಸನೆಯನ್ನೂ ತಡೆಯುವುದಿಲ್ಲ. ಹಾಗಾಗಿ ಎಲ್ಲರೂ ಅಂಗಳದಲ್ಲಿ ನಿಂತರು. ಒಳಗೆ ಹುಳುಗಳು ಹಣ್ಣಾಗುತ್ತಲೇ ಇದ್ದವು.

ಅಷ್ಟರಲ್ಲಿ ಅಕ್ಕ ಬಿದ್ದ ಚಂದ್ರಿಕೆಯನ್ನು ಮೆಲ್ಲಗೆ ಮಗುಚಿ, ಬದುಕಿದ ಹುಳುಗಳನ್ನು ಸೆರಗಿಗೆ ಆರಿಸಿಕೊಂಡು ಇನ್ನೊಂದು ಚಂದ್ರಿಕೆಗೆ ಬಿಟ್ಟಿದ್ದಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಒಳಗೆ ನೋಡಿದಳು. ನಾನೂ ಅವಳ ಹಿಂದೆ ನಿಂತು ನೋಡಿದೆ. ಮುಂದಿನ ತಟ್ಟೆಯಲ್ಲಿ ಹುಳುಗಳು ತಲೆ ಎತ್ತಿ ಆಡಿಸುತ್ತಿದ್ದವು, ಹತ್ತಲು ಏನಾದರೂ ಸಿಗುತ್ತದೋ ಎಂದು ಹುಡುಕುವ ಹಾಗೆ. ಒಂದೆರಡು ಆಗಲೇ ಸೊಪ್ಪಿನ ಕಡ್ಡಿಗೆ ನೂಲು ಅಂಟಿಸಿದ್ದವು.

"ಸೊಪ್ಪಲ್ಲೇ ಕಟ್ಟಾಕ್ ಸುರು ಮಾಡ್ಬುಟ್ವು" ಎಂದಳು.

ಅಕ್ಕ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹೊಸಿಲಲ್ಲಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದಳು. ತಟ್ಟಿ, ಸ್ವಲ್ಪ ಹೊತ್ತು ಕಿವಿಗೊಟ್ಟಳು. ಮತ್ತೆ ತಟ್ಟಿದಳು. ಆಮೇಲೆ ಒಳಗೆ ಹೋದಳು.

"ಏ, ಬ್ಯಾಡ ಕಣವ್ವ, ಬಾರವ್ವ ಈಚೆಗೆ!" ಎಂದು ಹೆಂಗಸರು ಕೂಗಿದರು. ನಾನೂ ಕೂಗಿದೆನೇ? ಕೂಗಿದೆ. "ಅಕ್ಕ, ಬಾ ಈಚೆಗೆ" ಎಂದೆ. ಆ ಮಾತು ನೆನಪಾದರೆ ಇವತ್ತಿಗೂ ಎಲ್ಲಿದ್ದರೂ ತಲೆ ತಗ್ಗಿಸುತ್ತೇನೆ.

ಕಿಟಕಿಯಿಂದ ಅವಳು ಪೂರ್ತಿ ಕಾಣುತ್ತಿದ್ದಳು. ಅಕ್ಕ ಹುಳು ಆರಿಸುವುದನ್ನು ನಾನು ಸಾವಿರ ಸಲ ನೋಡಿದ್ದೇನೆ. ಅವಳ ಕೈ ನೋಡದೆಯೇ ಹೋಗುತ್ತದೆ, ಮಾತಾಡುತ್ತಲೇ ಆರಿಸುತ್ತಾಳೆ. ಆವತ್ತು ಒಂದೊಂದು ಸೊಪ್ಪಿನ ಕಡ್ಡಿಯನ್ನೂ ಎರಡು ಬೆರಳಲ್ಲಿ ಹಿಡಿದು, ಎತ್ತಿ, ಅಡಿಯಲ್ಲಿ ಇಣುಕಿ, ಆಮೇಲೆ ಕೈ ಇಡುತ್ತಿದ್ದಳು. ಎಲೆ ಜಾರಿ ಸದ್ದಾದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು, ಮತ್ತೆ ಚಾಚುತ್ತಿದ್ದಳು. ತಟ್ಟೆಗಳ ಕೆಳಗಿನ ಕತ್ತಲಿಗೆ ಬೆನ್ನು ಕೊಟ್ಟು ಕೂರಲು ಆಗದೆ ಓರೆಯಾಗಿ ಕೂತಿದ್ದಳು. ತುಟಿಗಳು ಏನೋ ಹೇಳಿಕೊಳ್ಳುತ್ತಿದ್ದವು.

ದೊಡ್ಡಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. "ನೀನು ಒಳಕ್ಕೋಗ್ಬ್ಯಾಡ ಕಣ್ಲಾ. ಮಕ್ಕಳೊಂದಿಗ. ಅವಳ್ದು ಗಟ್ಟಿ ಎದೆ, ಏನೂ ಆಗಾಕಿಲ್ಲ" ಎಂದ. ನನ್ನ ಹೆಂಡತಿ ಅಡುಗೆಯ ಕಡೆಯಿಂದ ಬಂದು ನನ್ನ ಕೈಗೆ ನೀರಿನ ಚೊಂಬು ಕೊಟ್ಟಳು. ಹಾವು ಕಂಡು ಬದುಕಿ ಬಂದವನಿಗೆ ಕೊಡುವ ಹಾಗೆ. ನಾನು ಕುಡಿದೆ.

ಬಾಗಿಲಿನ ಮೇಲೆ ಜೇಡ ಇನ್ನೂ ಇತ್ತು. ಬಿಳಿಯ ಬಿಲ್ಲೆಯನ್ನು ಹೊಟ್ಟೆಗೆ ಅಪ್ಪಿಕೊಂಡು, ಒಂದು ಕಾಲನ್ನೂ ಆಡಿಸದೆ. ನಾನು ಕಿಟಕಿ ನೋಡುತ್ತಿದ್ದೆ, ಅದನ್ನು ನೋಡುತ್ತಿದ್ದೆ, ಮತ್ತೆ ಕಿಟಕಿ. ಹೇಳಿಬಿಡಬೇಕು ಎಂದುಕೊಂಡೆ. ಹೇಳುವ ಮೊದಲು ಅತ್ತೆಯ ಮಗಳು "ಹೆಡೆ ಎತ್ತಿತ್ತಾ ಭಾವ?" ಎಂದು ಕೇಳಿದಳು. "ಸರಿಯಾಗಿ ನೋಡ್ಲಿಲ್ಲ" ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸೇರಿತು. ಹೇಳುವುದು ಇನ್ನೂ ಕಷ್ಟವಾಯಿತು. ಅಕ್ಕ ಒಂದು ತಟ್ಟೆ ಮುಗಿಸಿ ಇನ್ನೊಂದನ್ನು ಎಳೆದುಕೊಂಡಳು. ಎಷ್ಟು ಹೊತ್ತು ನಾನು ಹಾಗೆ ನಿಂತಿದ್ದೆನೋ ಹೇಳಲಾರೆ. ನೆರಳು ಜಗಲಿಯ ಅಂಚಿನಿಂದ ಒಳಕ್ಕೆ ಸರಿದಿತ್ತು.

ಆಗ ಒಳಗಿನಿಂದ ಅಕ್ಕ ಕಿಟಾರನೆ ಕಿರುಚಿದಳು. ತಟ್ಟೆಗಳ ಅಡಿಯಿಂದ ಒಂದು ಹಲ್ಲಿ ಓಡಿತು. ಅದು ಹಲ್ಲಿ ಎಂದು ನನಗೆ ಕಂಡಿತು, ಅವಳಿಗೆ ಕಾಣಲಿಲ್ಲ. ಅವಳು ಗೋಡೆಗೆ ಅಂಟಿಕೊಂಡು ಕಣ್ಣು ಮುಚ್ಚಿದ್ದಳು. ಹೊರಗೆ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಕಣ್ಣು ತೆರೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮತ್ತೆ ತಟ್ಟೆಯ ಮುಂದೆ ಕೂತು ಕೈ ಚಾಚಿದಳು.

ನಾನು ಹೊಸಿಲ ಹತ್ತಿರ ಹೋದೆ.

"ಅಕ್ಕ, ಹಾವಿಲ್ಲ."

"ಓಯ್ತಾ? ನೀನ್ ಕಂಡ್ಯಾ ಓಗಿದ್ದ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳೇ ದಾರಿ ಕೊಟ್ಟಿದ್ದಳು. ಆದರೆ ಅವಳು ಕತ್ತೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಓಗಿಲ್ಲ. ಇರ್ಲೇ ಇಲ್ಲ. ಜೇಡ ಕಣಕ್ಕ. ಕೈ ಮೇಲೆ ಬಂತು, ಹೆದರ್ಕಂಡೆ" ಎಂದು ಬಾಗಿಲಿನ ಮೇಲೆ ತೋರಿಸಿದೆ.

ಅಂಗಳದಲ್ಲಿದ್ದವರೆಲ್ಲ ಆಗ ಮೇಲೆ ನೋಡಿದರು. ಆಮೇಲೆ ಅತ್ತೆಯ ಮಗಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು.

"ಗೋಧಿ ನಾಗ್ರಕ್ಕೆ ಎಂಟು ಕಾಲು ಬಂದವೆ ನೋಡ್ರವ್ವೋ! ದೊಡ್ಡಪ್ಪ, ಆ ಕೋಲು ತಗಂಡ್ ಬಾ, ಭಾವನ್ ಕಡೀಕೆ ಬತ್ತಾ ಐತೆ!"

"ಹುಳಾ ಸಾಕೋ ಮನ್ಯಾಗ್ ಹುಟ್ಟಿ ಜೇಡ್ರುಳಕ್ಕೆ ಹೆದ್ರುತಾನಲ್ಲಪ್ಪ" ಎಂದು ದೊಡ್ಡಪ್ಪನೂ ನಕ್ಕ. ಹಾವು ಹಿಡಿಯುವವನಿಗೆ ಮತ್ತೆ ಫೋನ್ ಮಾಡಿ, ಬರಬೇಡ ಎಂದು ಹೇಳುವಾಗ ಅವನಿಗೂ ಕಾರಣ ಹೇಳಿದರು. ಅವನು ಆ ಕಡೆ ನಗುವುದು ನನಗೆ ಕೇಳಿಸಿತು. ನಾನು ತಪ್ಪಿಸಿಕೊಳ್ಳಲು ನೋಡಿದ ನಗು ಅಷ್ಟೇ. ಅದು ಬಂತು, ಮೈಮೇಲೆ ಬಿತ್ತು, ನಾನೇನೂ ಸಾಯಲಿಲ್ಲ.

ಅಕ್ಕ ನಗಲಿಲ್ಲ. ಬೈಯಲೂ ಇಲ್ಲ. ಜೇಡವನ್ನು ಒಂದು ಸಲ ನೋಡಿ, "ಬನ್ರವ್ವ, ಒತ್ತಾಯ್ತು" ಎಂದು ಎಲ್ಲರನ್ನೂ ಒಳಗೆ ಕರೆದಳು. ನಾನು ಅವಳ ಪಕ್ಕ ಕೂತು ಆರಿಸಲು ಹೋದೆ. ತಟ್ಟೆಯನ್ನು ನನ್ನ ಕಡೆ ಸರಿಸಿದಳು, ನನ್ನನ್ನು ನೋಡಲಿಲ್ಲ. ಬಿಡುವಿಲ್ಲದೆ ಕೈ ಆಡಿಸಿದೆವು. ಆದರೂ ಸೊಪ್ಪಿನಲ್ಲೇ ನೂಲು ಬಿಟ್ಟ ಹುಳುಗಳು ಬಹಳ ಇದ್ದವು. ಐದಾರು ದಿನ ಬಿಟ್ಟು ಅವುಗಳ ಗೂಡು ಬಿಡಿಸುವಾಗ ಅಕ್ಕ ಕಡ್ಡಿ, ಕಸ ಎಲ್ಲವನ್ನೂ ಉಗುರಿನಿಂದ ಒಂದೊಂದಾಗಿ ಕಿತ್ತಳು. ಮಾರುಕಟ್ಟೆಯಲ್ಲಿ ಒಬ್ಬ ಆ ರಾಶಿಯಿಂದ ಹಿಡಿ ತುಂಬ ಎತ್ತಿ, "ಇವು ಕಸದಾಗೆ ಕಟ್ಟಿರೋವು ಅಲ್ವಾ?" ಎಂದು ಕೇಳಿದಾಗ ಅಕ್ಕ "ಹೂಂ, ಮನೇಲಿ ಕೆಲ್ಸ ಒಸಿ ತಡ ಆಯ್ತು" ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಬೆಳೆ ಪೂರ್ತಿ ಬರಲಿಲ್ಲ, ಆದರೆ ಹೋಗಲೂ ಇಲ್ಲ. ತೋಟ ಉಳಿಯಿತು. ನಾನು ಮತ್ತೆ ಬಾಳೆಯ ಮಾತೆತ್ತಲಿಲ್ಲ.

ಗೂಡು ಮಾರಿದ ಮೇಲೆ ಬಂದ ಸೋಮವಾರ ಬೆಳಿಗ್ಗೆ ನಾನು ಅಂಗಡಿಗೆ ಹೊರಟಿದ್ದೆ. ಅಕ್ಕ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಚೊಂಬಿನಲ್ಲಿ ಹಾಲು, ತಟ್ಟೆಯಲ್ಲಿ ಹೂವು ಇಟ್ಟುಕೊಂಡು ನಿಂತಿದ್ದಳು.

"ಹುತ್ತುಕ್ಕೆ ತನಿ ಎರೀಬೇಕು. ಜೊತೇಲಿ ಬಾ."

"ಇವತ್ತೇನು?"

"ಅವತ್ತು ಒಳಗೆ ಕುಂತಿದ್ದಾಗ ಹರಕೆ ಹೊತ್ಕಂಡಿದ್ದೆ. ಹುಳ ಆರ್ಸಾಗಂಟ ದಾರಿ ಬುಡಪ್ಪ, ತನಿ ಎರೀತೀನಿ ಅಂತ."

ಅವಳ ತುಟಿಗಳು ಆಡುತ್ತಿದ್ದುದು ಅದಕ್ಕೆ. "ಹಾವೇ ಇರ್ಲಿಲ್ವಲ್ಲಕ್ಕ" ಎಂದೆ. ಬೇರೆ ಏನು ಹೇಳಿದ್ದರೂ ಅದಕ್ಕಿಂತ ಚೆನ್ನಾಗಿರುತ್ತಿತ್ತು.

ಅಕ್ಕ ಆವತ್ತಿನಿಂದ ಮೊದಲ ಸಲ ನನ್ನ ಮುಖ ನೋಡಿದಳು.

"ಹಾವು ಸುಳ್ಳು ಕಣ್ಲಾ. ನನ್ ಎದೆ ಹೊಡ್ಕಂಡಿದ್ದೂ ಸುಳ್ಳಾ?"

ಕೆರೆಯ ಏರಿಯ ಕೆಳಗೆ ಬೇವಿನ ಮರದ ಬುಡದಲ್ಲಿ ಹುತ್ತವಿದೆ. ದಾರಿಯಲ್ಲಿ ಸೊಪ್ಪು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಕಂಡು ನಿಂತಳು. ಆ ಹೊತ್ತಿಗೆ ಊರಿನಲ್ಲಿ ನನ್ನ ಜೇಡದ ಕತೆ ತಿಳಿಯದವರು ಇರಲಿಲ್ಲ. "ಏನಕ್ಕಯ್ಯ, ತನಿ? ಏನು ಹರಕೆ?" ಎಂದು ನನ್ನನ್ನು ನೋಡುತ್ತ ಕೇಳಿದಳು.

"ಬೆಳೆ ಆಯ್ತಲ್ಲ ಕಣವ್ವ, ಅದಕ್ಕೆ" ಎಂದಳು ಅಕ್ಕ.

ಅವಳು ಹೋಗುವವರೆಗೂ ನಾನು ಚೊಂಬನ್ನು ನೋಡುತ್ತಿದ್ದೆ. ನಾನೇ ಹೇಳಬಹುದಿತ್ತು, ನನ್ನಿಂದ ಹೊತ್ತ ಹರಕೆ ಎಂದು. ಹೇಳಲಿಲ್ಲ.

ಅಕ್ಕ ಹುತ್ತಕ್ಕೆ ಅರಿಶಿನ ಕುಂಕುಮ ಹಾಕಿ, ಹೂವಿಟ್ಟು, ಬಗ್ಗಿ ಹಾಲು ಎರೆದಳು. ಬಹಳ ಹೊತ್ತು ಕೈ ಮುಗಿದು ನಿಂತಳು. ಆಮೇಲೆ ಉಳಿದ ಹಾಲಿನ ಚೊಂಬನ್ನು ನನ್ನ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ನಾನು ಬಗ್ಗಿದೆ. ಹುತ್ತದ ಬಾಯಿಯ ಒಳಗೆ ಏನೂ ಕಾಣುತ್ತಿರಲಿಲ್ಲ, ಕತ್ತಲೆ ಅಷ್ಟೇ. ಅಲ್ಲಿಗೆ ಕೈ ಚಾಚುವಾಗ ನನ್ನ ಕೈ ಹಿಂಜರಿಯಿತು.

"ನೋಡ್ಕಂಡು ಎರಿ, ಹೊರಗೆ ಚೆಲ್ಬ್ಯಾಡ" ಎಂದಳು ಅಕ್ಕ.